ನೋಟಿಸ್ ಪೀರಿಯಡ್ ಎರಡೂ ಕಡೆ ಒಂದೇ ಇರಲಿ
ಆಫರ್ ಲೆಟರಿಗೆ ಸಹಿ ಹಾಕಿದ ಮೇಲೆ, ರಾಜೀನಾಮೆ ಕೊಟ್ಟರೂ ನೋಟಿಸ್ ಪೀರಿಯಡ್ (ಕೆಲಸ ಬಿಡುವ ಮುನ್ನ ಕೊಡಬೇಕಾದ ಮುನ್ಸೂಚನೆಯ ಅವಧಿ) ಎಂದು 90 ದಿನ ಕೆಲಸ ಮಾಡಲೇಬೇಕು, ಬೇರೆ ದಾರಿಯೇ ಇಲ್ಲ ಎಂದು ನಾನು ಓದಿದ ಒಂದು ಲೇಖನದಲ್ಲಿದೆ. ಇದು ಪೂರ್ತಿ ಸರಿಯಲ್ಲ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ, ಆರು ತಿಂಗಳು ದುಡಿದವರನ್ನು ತೆಗೆಯಲು ಮಾಲೀಕರು ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ಸಂಬಳ ಕೊಡಬೇಕು. ವಿಚಾರಣೆಯಲ್ಲಿ ದುರ್ನಡತೆ ಸಾಬೀತಾದರೆ ಮಾತ್ರ ಬೇಡ.

ಬಿಡುವವರು ಎಷ್ಟು ದಿನ ಕೊಡಬೇಕು ಅನ್ನೋದು ಐಟಿ ಕಂಪನಿಗಳಲ್ಲಿ ಹೆಚ್ಚಾಗಿ ಆಫರ್ ಲೆಟರಿನ ಮಾತು. ನನ್ನ ತಂಗಿಯ ಪತ್ರದಲ್ಲಿ ಪ್ರೊಬೇಷನ್‌ಗೆ (ಪರೀಕ್ಷಾ ಅವಧಿಗೆ) 15 ದಿನ, ಕನ್ಫರ್ಮ್ ಆದ ಮೇಲೆ 90. ಕಂಪನಿ ಕಡೆಯಿಂದ ಬರೀ 30! ಇದು ಅನ್ಯಾಯ ಅಲ್ವಾ? ಹೊಸ ಕಡೆಯವರು ಮೂರು ತಿಂಗಳು ಕಾಯುತ್ತಾರಾ?

ಬಲವಂತವಾಗಿ ಕೂರಿಸಿ ದುಡಿಸಿ ಎಂದು ಕೋರ್ಟು ಸಾಮಾನ್ಯವಾಗಿ ಆದೇಶ ಕೊಡುವುದಿಲ್ಲ. ಕಂಪನಿ ಬಾಕಿ ದಿನಗಳ ಹಣ ಕೇಳಬಹುದು. ಅದು ಬೇಸಿಕ್ (ಮೂಲ ಸಂಬಳ) ಮೇಲೋ ಗ್ರಾಸ್ (ಭತ್ಯೆ ಸೇರಿದ ಒಟ್ಟು ಸಂಬಳ) ಮೇಲೋ ನೋಡಿಕೊಳ್ಳಿ, ವ್ಯತ್ಯಾಸ ಜಾಸ್ತಿ. ‘ಬೈಔಟ್ ಕಂಪನಿಯ ವಿವೇಚನೆಗೆ ಬಿಟ್ಟದ್ದು’ ಎಂಬ ಸಾಲಿದ್ದರೆ (ಬೈಔಟ್ ಅಂದ್ರೆ ಬಾಕಿ ದಿನಗಳ ಹಣ ಕಟ್ಟಿ ಬೇಗ ಬಿಡುವುದು) ಸೇರುವ ಮೊದಲೇ ಮಾತಾಡಿ. ಪಿಎಫ್ ತಡೆಹಿಡಿಯುತ್ತೇವೆ ಎಂದರೆ ಸುಮ್ನೆ ಹೆದರಬೇಡಿ, ಅದು ನಿಮ್ಮ ದುಡ್ಡು. ರಾಜೀನಾಮೆಯನ್ನು ಮಾತ್ರ ಬಾಯಲ್ಲಿ ಹೇಳದೆ ಇಮೇಲ್‌ನಲ್ಲೇ ಕೊಡಿ, ಆಗ ತಾರೀಖಿನ ಬಗ್ಗೆ ಜಗಳ ಇರುವುದಿಲ್ಲ.