ಕೂರುವ ಭಾವನೆ

ನಮ್ಮ ಕಾಸರಗೋಡಿನ ಜವುಳಿ ಮಳಿಗೆಯೊಂದರ ಧಣಿಗಳಿಗೆ ಈಚೆಗೆ ನೌಕರರ ಮನಸ್ಸಿನ ಆರೋಗ್ಯದ ಚಿಂತೆ ಹತ್ತಿದೆ. ಕಾಲಿನ ಆರೋಗ್ಯದ ಚಿಂತೆ ಇನ್ನೂ ಹತ್ತಿಲ್ಲ. ಮಂಡಿಯಿಂದ ಕೆಳಗಿನದ್ದು ಬೇರೆ ಇಲಾಖೆಗೆ ಸೇರಿದ್ದಿರಬೇಕು.

ಓಣಂ ವ್ಯಾಪಾರ ಮುಗಿದದ್ದೇ ತಡ, ಒತ್ತಡ ನಿವಾರಣಾ ಶಿಬಿರ ಏರ್ಪಾಡಾಯಿತು. ಅದೂ ರಜೆಯ ದಿನ. ಕೆಲಸದ ದಿನ ಒತ್ತಡ ನಿವಾರಿಸುತ್ತಾ ಕೂತರೆ ಸೀರೆ ಮಾರುವವರು ಯಾರು? ಬದಿಯಡ್ಕ, ಮುಳ್ಳೇರಿಯ, ಕುಂಬಳೆಯಿಂದ ಹೆಣ್ಣುಮಕ್ಕಳು ಬಸ್ಸು ಹಿಡಿದು ಬಂದರು. ಬಾರದವರಿಗೆ ಅರ್ಧ ದಿನದ ಸಂಬಳ ಕಟ್ ಎಂದಿದ್ದರಿಂದ ಉತ್ಸಾಹಕ್ಕೇನೂ ಕೊರತೆಯಿರಲಿಲ್ಲ. ಎರ್ನಾಕುಳದಿಂದ ಬಂದ ತರಬೇತುದಾರರು, "ಕಣ್ಣು ಮುಚ್ಚಿ, ಹೆಗಲು ಸಡಿಲ ಬಿಡಿ, ಕಡಲ ತೀರದಲ್ಲಿ ಆರಾಮವಾಗಿ ಕೂತಿದ್ದೀರಿ ಅಂತ ಭಾವಿಸಿ" ಎಂದರು. ಎಲ್ಲರೂ ನಿಂತುಕೊಂಡೇ ಭಾವಿಸಿದರು. ಇದ್ದ ಕುರ್ಚಿಗಳು ಗಣ್ಯರಿಗೇ ಸರಿಹೋಗಿದ್ದವು.

ಕೂರುವುದು ಈ ರಾಜ್ಯದಲ್ಲಿ ಬರೀ ಭಾವನೆಯಲ್ಲ ಮಾರಾಯ್ರೇ, ಕಾನೂನು! ಕಲ್ಲಿಕೋಟೆಯ ಮಿಠಾಯಿ ತೆರುವಿನ ಅಂಗಡಿಗಳ ಹೆಂಗಸರು, ಹೊಲಿಗೆ ಕೆಲಸದ ಪಿ. ವಿಜಿಯವರ ಮುಂದಾಳತ್ವದಲ್ಲಿ, ಮೊದಲು ಶೌಚಾಲಯಕ್ಕಾಗಿ, ಆಮೇಲೆ ಕೂರುವುದಕ್ಕಾಗಿ ವರ್ಷಗಟ್ಟಲೆ ಬಡಿದಾಡಿದರು. 2018ರಲ್ಲಿ ಕೇರಳದ ಅಂಗಡಿ ಕಾಯ್ದೆಗೆ ತಿದ್ದುಪಡಿ ಬಂತು, ನೌಕರರಿಗೆ ಕೂರಲು ವ್ಯವಸ್ಥೆ ಮಾಡಲೇಬೇಕು ಎಂದಾಯಿತು. 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು. ಕುಂಡೆ ಊರುವುದಕ್ಕೂ ಶಾಸನ ಬೇಕಾಗಿ ಬಂದದ್ದನ್ನು ಪ್ರಗತಿ ಅನ್ನಬೇಕೋ ಏನೋ.

ನಮ್ಮ ಧಣಿಗಳು ಕಾನೂನಿಗೆ ತಲೆಬಾಗುವವರೇ. ಸೀರೆ ವಿಭಾಗದ ಎಂಟು ಮಂದಿಗೆಂದು ಒಂದು ಸ್ಟೂಲು ತರಿಸಿದ್ದಾರೆ. ಅದರ ಮೇಲೆ ರೇಷ್ಮೆ ಸೀರೆ ಉಟ್ಟ ಬೊಂಬೆ ನಿಂತಿದೆ. ಲೇಬರ್ ಆಫೀಸಿನವರು ಬರುತ್ತಾರೆಂಬ ಸುದ್ದಿ ಸಿಕ್ಕಿದ ದಿನ ಬೊಂಬೆ ಕೆಳಗಿಳಿಯುತ್ತದೆ. ಉಳಿದ ದಿನ ಯಾರಾದರೂ ಅತ್ತ ಕಣ್ಣು ಹಾಯಿಸಿದರೆ ಸೂಪರ್‌ವೈಸರು, "ಏನಮ್ಮಾ, ಗಿರಾಕಿ ಬಂದರೆ ಕೂತು ಸೀರೆ ಬಿಡಿಸುವುದಾ?" ಎನ್ನುತ್ತಾರೆ. ಗಿರಾಕಿ ಇಲ್ಲದಾಗಲೂ ಸಿಸಿಟಿವಿ ಇರುತ್ತದಲ್ಲ.

ಶಿಬಿರದ ಕೊನೆಗೆ ಪ್ರಶ್ನಾವಳಿ ಹಂಚಿದರು. ಎಲ್ಲ ಮಲಯಾಳದಲ್ಲಿ. ಕನ್ನಡ ಮೀಡಿಯಂನಲ್ಲಿ ಓದಿದ ಹುಡುಗಿಯರು ಮುಖ ಮುಖ ನೋಡಿಕೊಂಡಾಗ ಸೂಪರ್‌ವೈಸರೇ ಕನಿಕರಪಟ್ಟು ಟಿಕ್ ಹಾಕಿಕೊಟ್ಟರು. ಹಾಗಾಗಿ ಆ ಮಳಿಗೆಯ ಕನ್ನಡಿಗರೆಲ್ಲ ಪರಮಸುಖಿಗಳು ಎಂದು ದಾಖಲಾಗಿದೆ.

ಆಕ್ಸ್‌ಫರ್ಡಿನ ವಿಲಿಯಂ ಫ್ಲೆಮಿಂಗ್ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಉತ್ತರಗಳನ್ನು ಜಾಲಾಡಿ 2024ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಧ್ಯಾನ, ಆ್ಯಪು, ಒತ್ತಡ ನಿರ್ವಹಣೆಯ ತರಬೇತಿ ಪಡೆದವರು ಪಡೆಯದವರಿಗಿಂತ ಹೆಚ್ಚು ನೆಮ್ಮದಿಯಾಗೇನೂ ಕಾಣಲಿಲ್ಲವಂತೆ. ಧಣಿಗಳ ಕಿವಿಗೆ ಹಾಕಿದೆ. "ಅವರದ್ದು ಚಳಿ ದೇಶ" ಎಂದು ತಳ್ಳಿಹಾಕಿದರು.

ಈ ತಿಂಗಳಿಂದ ಹೆಜ್ಜೆ ಎಣಿಸುವ ಆ್ಯಪು ಬಂದಿದೆ. ಎಲ್ಲರ ಫೋನಿನಲ್ಲೂ ಕಡ್ಡಾಯ. ಆದರೆ ಬೆಳಿಗ್ಗೆ ಒಳಗೆ ಬರುವಾಗಲೇ ಫೋನನ್ನು ಬಾಗಿಲ ಬಳಿಯ ಡಬ್ಬಕ್ಕೆ ಹಾಕಬೇಕೆಂಬ ಹಳೆಯ ನಿಯಮವೂ ಹಾಗೇ ಇದೆ. ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಫೋನು ತೆರೆದರೆ ಎಲ್ಲರಿಗೂ ಒಂದೇ ಮೆಸೇಜು: "ಇವತ್ತು ಇಡೀ ದಿನ ಕೂತೇ ಇದ್ದೀರಿ. ಆರೋಗ್ಯದ ದೃಷ್ಟಿಯಿಂದ ಸ್ವಲ್ಪ ಎದ್ದು ನಿಲ್ಲಿ."