ಮುರಿದ ಕಾಲಿಗೆ ಮೂರನೇ ಒಂದು ಭಾಗದ ನ್ಯಾಯ

ಗಾರೆ ಕೆಲಸದವನ ಕಾಲು ಅಪಘಾತದಲ್ಲಿ ಮುರಿದರೆ ಅವನ ದುಡಿಮೆಯಲ್ಲಿ ಎಷ್ಟು ಪಾಲು ಹೋಯಿತು? ನಮ್ಮ ರಾಜ್ಯದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳಲ್ಲಿ ಇದಕ್ಕೆ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಡಾಕ್ಟರು ಹೇಳಿದ್ದನ್ನು ಮೂರರಿಂದ ಭಾಗಿಸುವುದು, ಅಷ್ಟೇ. ಬಲಗಾಲಿಗೆ ಶೇ 36 ಊನ ಅಂದರೆ ಇಡೀ ದೇಹಕ್ಕೆ ಶೇ 12. ಮುಂದಿನ ಕೇಸು ಕೂಗಿ. ಆ ಮನುಷ್ಯ ಇನ್ನು ಸಾರುವೆ ಹತ್ತಬಲ್ಲನಾ, ತಲೆ ಮೇಲೆ ಬಾಂಡ್ಲಿ ಹೊತ್ತು ಏಣಿ ಏರಬಲ್ಲನಾ, ಟೈಲ್ಸ್ ಹಾಕಲು ಕುಕ್ಕರುಗಾಲಲ್ಲಿ ಕೂರಬಲ್ಲನಾ ಅಂತ ಒಂದು ಪ್ರಶ್ನೆಯೂ ಇಲ್ಲ. ನೋಡಿ ನೋಡಿ ಹೊಟ್ಟೆ ಉರಿಯುತ್ತದೆ.

ಮೂರನೇ ಒಂದು ಭಾಗ ಅನ್ನುವುದು ಮೋಟಾರು ವಾಹನ ಕಾಯ್ದೆಯ ಯಾವ ಕಲಮಿನಲ್ಲೂ ಇಲ್ಲ. ನಡೆದುಕೊಂಡು ಬಂದ ರೂಢಿ, ಅಷ್ಟೇ. ಕಾಲಿನ ಊನವನ್ನು ಇಡೀ ದೇಹದ ಊನಕ್ಕೆ ಇಳಿಸಬೇಕು ಅನ್ನುವುದರಲ್ಲಿ ತಪ್ಪಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಸುಪ್ರೀಂ ಕೋರ್ಟ್ ರಾಜ್‌ಕುಮಾರ್ ಪ್ರಕರಣದಲ್ಲಿ, 2010ರಲ್ಲೇ, ಅಲ್ಲಿಗೆ ನಿಲ್ಲಬೇಡಿ ಅಂತ ಹೇಳಿದೆ. ದೇಹದ ಊನ ಎಷ್ಟು ಅನ್ನುವುದು ಒಂದು ಪ್ರಶ್ನೆ, ಅದರಿಂದ ಗಳಿಕೆಯ ಶಕ್ತಿ ಎಷ್ಟು ಹೋಯಿತು ಅನ್ನುವುದು ಇನ್ನೊಂದು. ಎಡಗೈ ಕಳೆದುಕೊಂಡ ಡ್ರೈವರಿಗೋ ಬಡಗಿಗೋ ಗಳಿಕೆ ಹೆಚ್ಚುಕಡಿಮೆ ಪೂರ್ತಿ ಹೋಗಿಬಿಡಬಹುದು, ಅದೇ ಕೈ ಕಳೆದುಕೊಂಡ ಗುಮಾಸ್ತನಿಗೆ ಹಾಗಲ್ಲ ಅಂತ ಆ ತೀರ್ಪಿನಲ್ಲೇ ಉದಾಹರಣೆ ಕೊಟ್ಟಿದ್ದಾರೆ. ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ? ಆದರೂ ಮೂರರಿಂದ ಭಾಗಿಸಿ ಕಡತ ಮುಚ್ಚುವುದು ನಿಂತಿಲ್ಲ.

ಲೆಕ್ಕ ಹಾಕಿ ತೋರಿಸುತ್ತೇನೆ. 34 ವರ್ಷದ ಮೇಸ್ತ್ರಿ, ದಿನಕ್ಕೆ 1,000 ರೂಪಾಯಿ, ತಿಂಗಳಿಗೆ 24 ದಿನ ಕೆಲಸ ಅಂತ ಇಟ್ಟುಕೊಳ್ಳಿ. ಕೈಗೆ ಬರುವುದು 24,000. ನ್ಯಾಯಮಂಡಳಿ ಆದಾಯಕ್ಕೆ ಪುರಾವೆ ಇಲ್ಲ ಅಂತ 15,000 ಹಿಡಿಯಿತು ಅನ್ನಿ. ಸುಪ್ರೀಂ ಕೋರ್ಟಿನ ಸರಳಾ ವರ್ಮಾ ತೀರ್ಪಿನ ಪ್ರಕಾರ 31ರಿಂದ 35 ವಯಸ್ಸಿಗೆ ಗುಣಕ, ಅಂದರೆ ವರ್ಷದ ಆದಾಯವನ್ನು ಗುಣಿಸಬೇಕಾದ ಅಂಕಿ, 16. 15,000 ಗುಣಿಸು 12 ತಿಂಗಳು, ಗುಣಿಸು 16, ಅದರಲ್ಲಿ ಶೇ 12. ಬಂದದ್ದು 3,45,600 ರೂಪಾಯಿ. ಈಗ ಅವನ ನಿಜವಾದ 24,000 ಹಿಡಿಯಿರಿ, ಕೆಲಸದ ಸ್ವರೂಪ ನೋಡಿ ಗಳಿಕೆ ಶೇ 30 ಹೋಯಿತು ಅನ್ನಿ. 13,82,400. ಸ್ವಂತ ದುಡಿಮೆಯವರಿಗೆ 40 ವರ್ಷದೊಳಗಿದ್ದರೆ ಭವಿಷ್ಯದ ಆದಾಯ ಅಂತ ಶೇ 40 ಸೇರಿಸಬೇಕು ಅಂತ 2017ರ ಪ್ರಣಯ್ ಸೇಠಿ ತೀರ್ಪು ಹೇಳಿದೆ. ಸಾವಿನ ಪ್ರಕರಣಕ್ಕೆ ಮಾತ್ರವಲ್ಲ, ಗಾಯದ ಪ್ರಕರಣಕ್ಕೂ ಅದು ಅನ್ವಯ ಅಂತ 2020ರಲ್ಲಿ ಸುಪ್ರೀಂ ಕೋರ್ಟೇ ಸ್ಪಷ್ಟ ಮಾಡಿತು. ಅದನ್ನೂ ಸೇರಿಸಿದರೆ 19,35,360. ಅದೇ ಕಾಲು, ಅದರೊಳಗೆ ಹಾಕಿದ ಅದೇ ರಾಡು, ಅದೇ ಮನುಷ್ಯ. ವ್ಯತ್ಯಾಸ 15 ಲಕ್ಷಕ್ಕೂ ಮೇಲೆ.

ಆ 15,000 ಎಲ್ಲಿಂದ ಬಂತು? ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಸಲು ಅನುಕೂಲವಾಗಲಿ ಅಂತ ವರ್ಷವಾರು ಕಾಲ್ಪನಿಕ ಆದಾಯದ ಒಂದು ಪಟ್ಟಿ ಮಾಡಿಟ್ಟಿದೆ. ಏನೂ ಪುರಾವೆ ಇಲ್ಲದವರಿಗೆ ಕನಿಷ್ಠ ಇಷ್ಟಾದರೂ ಸಿಗಲಿ ಅನ್ನುವ ಮಟ್ಟಿಗೆ ಅದು ಒಳ್ಳೆಯದೇ. ಆದರೆ ಇವತ್ತು ಅದೇ ಪಟ್ಟಿ ಗರಿಷ್ಠ ಮಿತಿಯಾಗಿ ಕೂತಿದೆ. ಮೇಸ್ತ್ರಿಯೂ ಅಷ್ಟೇ, ಹೆಲ್ಪರೂ ಅಷ್ಟೇ, ಎಲೆಕ್ಟ್ರಿಷಿಯನ್ನೂ ಅಷ್ಟೇ. ಕಂಟ್ರಾಕ್ಟರ್ ಬರೆದುಕೊಟ್ಟ ಸಂಬಳದ ಪತ್ರ ತಂದರೆ, ಬರೆದವನು ಬಂದು ಸಾಕ್ಷಿ ಹೇಳಿಲ್ಲ ಅಂತ ಒಂದೇ ಸಾಲಿನಲ್ಲಿ ತಳ್ಳಿಹಾಕುತ್ತಾರೆ. ಪತ್ರ ಒಂದನ್ನೇ ನೆಚ್ಚಬೇಡಿ. ಆ ಕಂಟ್ರಾಕ್ಟರನ್ನೇ ಹಾಜರಿ ಪುಸ್ತಕದ ಸಮೇತ ಕಟಕಟೆಗೆ ಕರೆಸಿ. ಅಪಘಾತಕ್ಕೆ ಮುಂಚಿನ ಒಂದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟಿಗೆ ಶಾಖೆಯ ಸೀಲು, ಸಹಿ ಹಾಕಿಸಿ. ಕೂಲಿ ಫೋನ್‌ಪೇಯಲ್ಲಿ ಬರುತ್ತಿದ್ದರೆ ಅದೆಲ್ಲ ಸ್ಟೇಟ್‌ಮೆಂಟಿನಲ್ಲಿ ಕಾಣುತ್ತದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡಿದ್ದರೆ ಏನು ಕೆಲಸ ಅನ್ನುವುದಕ್ಕಾದರೂ ಅದು ಪುರಾವೆ.

ವಯಸ್ಸಿನ ದಾಖಲೆ ಮರೆಯಬೇಡಿ. ಆಸ್ಪತ್ರೆಯ ಕ್ಯಾಶುವಾಲಿಟಿಯಲ್ಲಿ 34ರ ಮೇಸ್ತ್ರಿಗೆ ಮುಖ ನೋಡಿ ಅಂದಾಜಿನಲ್ಲಿ 38 ಅಂತ ಬರೆದುಬಿಟ್ಟಿರುತ್ತಾರೆ. ಬೇರೆ ದಾಖಲೆ ಹಾಕದಿದ್ದರೆ ಅದೇ ಗಟ್ಟಿಯಾಗಿ ಗುಣಕ 16ರಿಂದ 15ಕ್ಕೆ ಇಳಿಯುತ್ತದೆ.

ಕ್ಯಾಶುವಾಲಿಟಿ ಅಂದ ಕೂಡಲೇ ಸಿಟ್ಟು ನೆತ್ತಿಗೇರುತ್ತದೆ. ಪರಿಹಾರದ ಅರ್ಧ ಕೇಸು ಸೋಲುವುದು ಕೋರ್ಟಿನಲ್ಲಲ್ಲ, ಅಲ್ಲಿ. ರಕ್ತ ಸೋರುತ್ತಿರುವವನನ್ನು ಆಟೋದಲ್ಲಿ ಹಾಕಿಕೊಂಡು ಬಂದವನು ಯಾರೋ ದಾರಿಹೋಕ. ಏನಾಯಿತು ಅಂದರೆ ‘ಬೈಕ್‌ನಿಂದ ಬಿದ್ದರು’ ಅನ್ನುತ್ತಾನೆ. ಅವನು ನೋಡಿದ್ದು ಅಷ್ಟೇ. ಡ್ಯೂಟಿಯಲ್ಲಿರುವವರು ಎಂಎಲ್‌ಸಿ (ಪೊಲೀಸ್ ಕೇಸಾಗುವ ಗಾಯಗಳ) ರಿಜಿಸ್ಟರಿನಲ್ಲಿ ‘ಸ್ಕಿಡ್ ಆಗಿ ತಾನೇ ಬಿದ್ದಿದ್ದು’ ಅಂತ ಒಂದು ಸಾಲು ಗೀಚುತ್ತಾರೆ. ಹಿಂದಿನಿಂದ ಕಾರು ಗುದ್ದಿದ್ದು ಆ ಸಾಲಿನಲ್ಲಿಲ್ಲ. ಮೂರು ವರ್ಷದ ಮೇಲೆ ವಿಮಾ ಕಂಪನಿಯ ವಕೀಲರು ಆಸ್ಪತ್ರೆಯ ರೆಕಾರ್ಡ್ಸ್ ಗುಮಾಸ್ತರನ್ನು ಸಮನ್ಸ್ ಕೊಟ್ಟು ಕರೆಸುತ್ತಾರೆ, ಆ ಹಾಳೆಯನ್ನು ಸಾಕ್ಷ್ಯ ಅಂತ ಗುರುತು ಮಾಡಿಸುತ್ತಾರೆ, ಈ ಕಾರನ್ನು ಪರಿಹಾರಕ್ಕೋಸ್ಕರ ಆಮೇಲೆ ಸೇರಿಸಿದ್ದಾರೆ ಅಂತ ವಾದ ಶುರು ಮಾಡುತ್ತಾರೆ. ದೂರು ಕೊಡುವುದು ನಾಲ್ಕು ದಿನ ತಡವಾಗಿದ್ದರಂತೂ ಅವರಿಗೆ ಹಬ್ಬ. ಆಪರೇಷನ್ ಆಗಿ ಮಲಗಿದವನು ಠಾಣೆಗೆ ಹೋಗುವುದು ಹೇಗೆ ಅಂತ ಯೋಚಿಸುವ ಮನಸ್ಸೇ ಇಲ್ಲ.

ಅದಕ್ಕೇ ಹೇಳುವುದು, ಜೊತೆಗಿರುವವರು ಮೊದಲ ದಿನವೇ ಆ ಸಾಲನ್ನು ಓದಿಸಿಕೊಳ್ಳಿ. ತಪ್ಪಿದ್ದರೆ ಸರಿಯಾದ ವಿವರವನ್ನು ಅವತ್ತಿನ ತಾರೀಖು ಹಾಕಿ ಕೇಸ್ ಶೀಟಿನಲ್ಲಿ ಬರೆಸಿ. ಹಳೆಯದನ್ನು ಹೊಡೆದುಹಾಕಿಸಬೇಡಿ, ಅದು ಇನ್ನೂ ಅನುಮಾನಕ್ಕೆ ದಾರಿ. ದೂರಿನಲ್ಲಿ ಗುದ್ದಿದ ಗಾಡಿಯ ನಂಬರು, ಯಾವ ದಿಕ್ಕಿನಿಂದ ಬಂತು, ನೋಡಿದವರು ಯಾರು, ದೂರು ತಡವಾಗಿದ್ದರೆ ಯಾಕೆ ಅನ್ನುವುದು ಇರಲೇಬೇಕು.

ಇನ್ನು ಪೊಲೀಸರ ಪಾಲು. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರ ನಿಯಮಗಳ ಪ್ರಕಾರ ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು ನ್ಯಾಯಮಂಡಳಿಗೆ ಕಳಿಸಬೇಕು. 10 ದಿನದೊಳಗೆ ಗಾಯಾಳುವಿನ ಕೈಗೆ ಅವನ ಹಕ್ಕುಗಳ ವಿವರ ಇರುವ ಎರಡನೇ ನಮೂನೆ ಕೊಡಬೇಕು. 50 ದಿನಕ್ಕೆ ಮಧ್ಯಂತರ ವರದಿ, 90 ದಿನಕ್ಕೆ ಸವಿವರ ವರದಿ. ಆ ವರದಿಯನ್ನೇ ಪರಿಹಾರದ ಅರ್ಜಿ ಅಂತ ನ್ಯಾಯಮಂಡಳಿ ಪರಿಗಣಿಸಬೇಕು ಅಂತ ಕಾಯ್ದೆಯ 166ನೇ ಕಲಮಿನಲ್ಲೇ ಇದೆ. ಇದನ್ನೆಲ್ಲ ಕಟ್ಟುನಿಟ್ಟಾಗಿ ಪಾಲಿಸಿ ಅಂತ 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನ ಕೊಟ್ಟಿತು. ನಿಮಗೆ ಗೊತ್ತಿರುವ ಗಾಯಾಳುಗಳಲ್ಲಿ ಎಷ್ಟು ಜನರ ಕೈಗೆ ಆ ಎರಡನೇ ನಮೂನೆ ಬಂದಿದೆ ಅಂತ ವಿಚಾರಿಸಿ ನೋಡಿ. ಠಾಣೆಗೆ ಹೋಗಿ ಆ ನಮೂನೆಯ ಹೆಸರು ಹೇಳಿ ಕೇಳಿ. ಇಲ್ಲ ಅಂದರೆ ಲಿಖಿತವಾಗಿ ಅರ್ಜಿ ಕೊಟ್ಟು ಹಿಂಬರಹ ತೆಗೆದುಕೊಳ್ಳಿ.

ಆ ಹಾಳೆ ಕೈಗೆ ಬರದ ಕಾರಣಕ್ಕೇ ವಾರ್ಡಿನೊಳಗೆ ದಲ್ಲಾಳಿ ಬರುತ್ತಾನೆ. ಡಿಸ್ಚಾರ್ಜ್ ಬಿಲ್ ಹೇಗೆ ಕಟ್ಟುವುದು ಅಂತ ಹೆಂಡತಿ ಅಳುತ್ತಾ ಕೂತಿರುವಾಗ ವಕಾಲತ್ತಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುತ್ತಾನೆ. ಬಂದ ಪರಿಹಾರದಲ್ಲಿ ಇಷ್ಟು ಪಾಲು ನಮಗೆ ಅಂತ ಮಾತು. ಪರಿಹಾರದಲ್ಲಿ ಪಾಲು ಹಿಡಿಯುವುದು ವಕೀಲರ ಪರಿಷತ್ತಿನ ನಿಯಮಕ್ಕೇ ವಿರುದ್ಧ, ತಿಳಿದಿರಲಿ. ಅಸಲು ಬಿಲ್ಲು, ಎಕ್ಸ್‌ರೇ, ಡಿಸ್ಚಾರ್ಜ್ ಸಾರಾಂಶ ಯಾವುದನ್ನೂ ಜೆರಾಕ್ಸ್ ಇಟ್ಟುಕೊಳ್ಳದೆ ಯಾರ ಕೈಗೂ ಕೊಡಬೇಡಿ. ರಾಯಚೂರಿನಿಂದ ಬಂದು ಬೆಂಗಳೂರಲ್ಲಿ ಗಾಯಗೊಂಡವರು ಇಲ್ಲೇ ಕೇಸು ಹಾಕಬೇಕು ಅಂತ ನಂಬಿಸುತ್ತಾರೆ, ಅದೂ ಸುಳ್ಳು. ನೀವು ವಾಸವಿರುವ ಊರಿನ ನ್ಯಾಯಮಂಡಳಿಯಲ್ಲೂ ಹಾಕಬಹುದು. ಉಚಿತ ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಿ, ಇಲ್ಲವೇ ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ.

ಪರಿಹಾರದ ಅರ್ಜಿ ಹಾಕುವ ಗಡುವಿನ ಕಥೆ ಇನ್ನೊಂದು ಅನ್ಯಾಯ. ಕಾಲಮಿತಿ ಬೇಡ ಅಂತ 1994ರಲ್ಲಿ ತೆಗೆದುಹಾಕಿದ್ದನ್ನು 2019ರ ತಿದ್ದುಪಡಿಯಲ್ಲಿ ಆರು ತಿಂಗಳು ಅಂತ ವಾಪಸ್ ತಂದರು. ಎಲುಬು ಕೂಡಿಕೊಳ್ಳಲಿಕ್ಕೇ ಆರು ತಿಂಗಳು ಬೇಕು ಸ್ವಾಮಿ! ಇದನ್ನು ಪ್ರಶ್ನಿಸಿದ ಅರ್ಜಿಗಳಲ್ಲಿ, ತಡವಾಯಿತು ಅನ್ನುವ ಕಾರಣಕ್ಕೆ ಅರ್ಜಿ ವಜಾ ಮಾಡಬೇಡಿ ಅಂತ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತು. ಮಧ್ಯಂತರ ಆದೇಶವನ್ನು ನಂಬಿ ಕೂರಬೇಡಿ, ಆರು ತಿಂಗಳೊಳಗೇ ಹಾಕಿ.

ಮತ್ತೆ ಡಾಕ್ಟರ ಸಾಕ್ಷಿಗೆ ಬರುತ್ತೇನೆ, ಮೂರನೇ ಒಂದು ಭಾಗ ಹುಟ್ಟುವುದು ಅಲ್ಲೇ. ಆಪರೇಷನ್ ಮಾಡಿದ ಡಾಕ್ಟರು ಕೋರ್ಟಿಗೆ ಬರಲು ಒಪ್ಪುವುದಿಲ್ಲ. ಎರಡು ವರ್ಷದ ಮೇಲೆ ಇನ್ನೊಬ್ಬರು ಒಂದು ಎಕ್ಸ್‌ರೇ ತೆಗೆಸಿ ಶೇಕಡಾ ಹೇಳುತ್ತಾರೆ. ಪಾಟೀಸವಾಲಿನಲ್ಲಿ ಕೇಳುವುದು ಎರಡೇ ಪ್ರಶ್ನೆ. ನೀವು ಚಿಕಿತ್ಸೆ ಕೊಟ್ಟ ವೈದ್ಯರಲ್ಲ ತಾನೇ? ಅಲ್ಲ. ಮೂಳೆ ಕೂಡಿದೆ ತಾನೇ? ಹೌದು. ಆ ‘ಹೌದು’ ಒಂದರಿಂದ ಲಕ್ಷಗಟ್ಟಲೆ ಹೋಗುತ್ತದೆ. ಮೂಳೆ ಕೂಡಿದೆ, ಆದರೆ ಸೊಟ್ಟಗೆ ಕೂಡಿದೆ, ಪಾದದ ಕೀಲು ಮೇಲಕ್ಕೆ ಬಾಗುವುದಿಲ್ಲ, ಅದು ಬಾಗದಿದ್ದರೆ ಕುಕ್ಕರುಗಾಲಲ್ಲಿ ಕೂರಲು ಆಗುವುದಿಲ್ಲ, ಏಣಿಯ ಮೆಟ್ಟಿಲ ಮೇಲೆ ಕಾಲು ನಿಲ್ಲುವುದಿಲ್ಲ ಅಂತ ನಮ್ಮ ಕಡೆಯ ವಕೀಲರು ಮೊದಲೇ ಡಾಕ್ಟರ ಬಾಯಿಂದ ಹೇಳಿಸಿರಬೇಕು. ಎಷ್ಟೋ ಪ್ರಮಾಣಪತ್ರಗಳಲ್ಲಿ ಗಾಯಾಳುವಿನ ಕಸುಬು ಏನು ಅನ್ನುವುದೇ ಇರುವುದಿಲ್ಲ. ಕಸುಬೇ ಬರೆಯದ ಕಾಗದದಿಂದ ಕಸುಬಿನ ನಷ್ಟ ಹೇಗೆ ಲೆಕ್ಕ ಹಾಕುತ್ತಾರೆ? ನಿಮ್ಮ ವಕೀಲರನ್ನು ಕೇಳಿ: ಡಾಕ್ಟರಿಗೆ ನನ್ನ ಕೆಲಸದ ಬಗ್ಗೆ ಪ್ರಶ್ನೆ ಹಾಕುತ್ತೀರಾ, ರಾಡ್ ತೆಗೆಯುವ ಆಪರೇಷನ್ನಿನ ಖರ್ಚಿಗೆ ಅಂದಾಜು ಪಟ್ಟಿ ಹಾಜರು ಮಾಡುತ್ತೀರಾ ಅಂತ. ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ.

ಇಷ್ಟೆಲ್ಲ ಆಗಿ ನಾಲ್ಕು ವರ್ಷ ಓಡಾಡಿ ಸುಸ್ತಾದವನ ಮುಂದೆ ಲೋಕ ಅದಾಲತ್‌ನಲ್ಲಿ ಒಂದು ಅಂಕಿ ಇಡುತ್ತಾರೆ, ಎಲ್ಲ ಸೇರಿ 6 ಲಕ್ಷ ಅಂತ. ಆ ‘ಎಲ್ಲ ಸೇರಿ’ ಅನ್ನುವುದರಲ್ಲಿ ಬಡ್ಡಿ ಮಾಯವಾಗಿರುತ್ತದೆ. 6 ಲಕ್ಷಕ್ಕೆ ಅರ್ಜಿ ಹಾಕಿದ ದಿನದಿಂದ ಶೇ 6ರ ಬಡ್ಡಿ ಅಂದರೂ ನಾಲ್ಕು ವರ್ಷಕ್ಕೆ 1,44,000 ಆಗುತ್ತದೆ. ಲೋಕ ಅದಾಲತ್ ಆದೇಶದ ಮೇಲೆ ಅಪೀಲು ಇಲ್ಲ. ರಾಜಿಯ ಜಂಟಿ ಮೆಮೊಗೆ ಸಹಿ ಹಾಕುವ ಮುಂಚೆ ಬಡ್ಡಿ ಬೇರೆಯಾ, ಸೇರಿದೆಯಾ ಅಂತ ಬಾಯಿಬಿಟ್ಟು ಕೇಳಿ, ಉತ್ತರವನ್ನು ಆ ಮೆಮೊದಲ್ಲೇ ಬರೆಸಿ.