ಹೆಸರು ತೆಗೆದಿದ್ದೀವಲ್ಲ, ಇನ್ನೇನು?

ದಾವಣಗೆರೆಯ ಮಂಡಕ್ಕಿ ಭಟ್ಟಿಗೆ ಹೋಗಿ "ದಿನಕ್ಕೆ ಎಷ್ಟು ಕೂಲಿ ಸಿಗುತ್ತೆ?" ಅಂತ ಕೇಳಬೇಕಾದರೆ ಪಿಎಚ್‌ಡಿ ಹುಡುಗನಿಗೆ ಪ್ರಶ್ನಾವಳಿ ಬೇಕು, ಗೈಡ್ ಸಹಿ ಬೇಕು, ಸಮಿತಿಯ ಒಪ್ಪಿಗೆ ಬೇಕು, ಉತ್ತರ ಕೊಟ್ಟವರ ಸಹಿಯೋ ಹೆಬ್ಬೆಟ್ಟೋ ಬೇಕು. ಅದೇ ಹುಡುಗ ಹಾಸ್ಟೆಲ್ ಮಂಚದ ಮೇಲೆ ಮಲಗಿಕೊಂಡೇ, ಸಂಶೋಧನೆಗೆ ಅಂತ, ಇಂಟರ್ನೆಟ್‌ನಲ್ಲಿರೋ ಆ ಕೂಲಿಯವರ ಮಕ್ಕಳ ಪೋಸ್ಟು, ಕಾಮೆಂಟು, ಜಗಳ ಎಲ್ಲಾ ಬಾಚಿಕೊಂಡರೆ ಕೇಳೋರೇ ಇಲ್ಲ. ಯಾಕಂದ್ರೆ ಅದು ಪಬ್ಲಿಕ್ಕು.

ಭಾರೀ ಅನುಕೂಲದ ಮಾತು ಇದು. 2016ರಲ್ಲಿ ಡೆನ್ಮಾರ್ಕ್‌ನ ಸಂಶೋಧಕರು ಓಕೆಕ್ಯುಪಿಡ್ ಅನ್ನೋ ಜೋಡಿ ಹುಡುಕುವ ತಾಣದಿಂದ ಸುಮಾರು 70,000 ಜನರ ವಿವರ ಎತ್ತಿ ಎಲ್ಲರ ಮುಂದೆ ಸುರಿದರು. ಯೂಸರ್‌ನೇಮ್ ಸಮೇತ, ಹಾಸಿಗೆ ವಿಷಯದ ಉತ್ತರಗಳ ಸಮೇತ. ಕೇಳಿದರೆ, ಅದು ಆಗಲೇ ಪಬ್ಲಿಕ್ ಇತ್ತಲ್ಲ ಅಂದರು. ಜಯದೇವ ಸರ್ಕಲ್‌ನಲ್ಲಿ ನಿಂತು ಮಿರ್ಚಿ ತಿನ್ನೋದೂ ಪಬ್ಲಿಕ್ಕೇ ಸ್ವಾಮಿ. ಹಾಗಂತ ಒಬ್ಬ ಪಕ್ಕದಲ್ಲಿ ನೋಟ್‌ಬುಕ್ ಹಿಡ್ಕೊಂಡು ನಿಂತು ನಾನು ಎಷ್ಟು ತಿಂದೆ, ಯಾರ ಜೊತೆ ತಿಂದೆ, ತಿನ್ನುತ್ತಾ ಯಾರನ್ನು ಬೈದೆ ಅಂತ ಆರು ತಿಂಗಳು ಬರೆದುಕೊಂಡರೆ, ನಮ್ಮೂರಲ್ಲಿ ಅವನನ್ನು ಸಂಶೋಧಕ ಅನ್ನಲ್ಲ.

"ಹೆಸರು ತೆಗೆದಿದ್ದೀವಿ ಸಾರ್" ಅನ್ನೋದು ಇನ್ನೊಂದು ಸಮಾಧಾನ. 2006ರಲ್ಲಿ ಅಮೆರಿಕದ ಎಒಎಲ್ ಅನ್ನೋ ಇಂಟರ್ನೆಟ್ ಕಂಪನಿಯೂ ತೆಗೆದಿತ್ತು. ಸುಮಾರು 6.5 ಲಕ್ಷ ಜನ ಇಂಟರ್ನೆಟ್‌ನಲ್ಲಿ ಏನೇನು ಹುಡುಕಿದರು ಅನ್ನೋ ಪಟ್ಟಿಯನ್ನ, ಹೆಸರಿನ ಜಾಗದಲ್ಲಿ ನಂಬರ್ ಹಾಕಿ, ಸಂಶೋಧನೆಗೆ ಅಂತ ಬಿಟ್ಟಿತು. ಕೆಲವೇ ದಿನಗಳಲ್ಲಿ ಪತ್ರಕರ್ತರು ಒಂದು ನಂಬರಿನ ಹಿಂದಿದ್ದ ಹೆಂಗಸನ್ನು ಪತ್ತೆ ಹಚ್ಚಿದರು. ಪಾಪ, ಆಕೆ ಹುಡುಕಿದ್ದರಲ್ಲಿ ಬೆರಳು ಜೋಮು ಹಿಡಿಯೋದು, ಸಿಕ್ಕಲ್ಲೆಲ್ಲ ಉಚ್ಚೆ ಹೊಯ್ಯುವ ನಾಯಿ, ಇಂಥವೂ ಇದ್ದವು.

ಅಷ್ಟು ದೊಡ್ಡ ಅಮೆರಿಕದಲ್ಲೇ ಹೀಗೆ. ಇಲ್ಲಿ "ವಿದ್ಯಾನಗರ, ನಿವೃತ್ತ ಮ್ಯಾನೇಜರ್ ಹೆಂಡತಿ, ಮನೇಲಿ ಎರಡು ಪಾಮೇರಿಯನ್, ಸೊಸೆ ಮೇಲೆ ಸಿಟ್ಟು" ಅಂತ ಬರೆದು ಮೇಲೆ 'ಬಳಕೆದಾರ 17' ಅಂತ ಹಾಕಿದರೆ, ಹಾಲು ಹಾಕೋ ಹುಡುಗನೇ ಹೆಸರು ಹೇಳ್ತಾನೆ. ಸಾಲದ್ದಕ್ಕೆ ಪ್ರಬಂಧದಲ್ಲಿ ಆಕೆಯ ಪೋಸ್ಟನ್ನು ಅಕ್ಷರ ಬಿಡದೆ ಇಳಿಸಿರುತ್ತಾರೆ. ಆ ಸಾಲನ್ನು ಗೂಗಲ್‌ಗೆ ಹಾಕಿದರೆ ಆಯ್ತು, ಫೋಟೋನೂ ಸಿಗುತ್ತೆ.

ಕಾನೂನು ಇದೆಯಲ್ಲ ಅಂತೀರಾ? 2023ರ ದತ್ತಾಂಶ ರಕ್ಷಣೆ ಕಾಯ್ದೆ, ನೀವೇ ಬಹಿರಂಗ ಮಾಡಿಕೊಂಡ ಮಾಹಿತಿಗೆ ಅನ್ವಯವೇ ಆಗಲ್ಲ. ಸಂಶೋಧನೆಗೆ ಷರತ್ತಿನ ವಿನಾಯಿತಿ ಬೇರೆ.

ಹೋಗಲಿ, ಆಯಮ್ಮನಿಗೆ ಒಂದು ಮೆಸೇಜ್ ಹಾಕಿ ಕೇಳಬಹುದಿತ್ತಲ್ವಾ?

"ಕೇಳಿದ್ರೆ ಬೇಡ ಅಂದುಬಿಡ್ತಾರೆ ಸಾರ್. ಆಮೇಲೆ ಸ್ಯಾಂಪಲ್ ಸೈಜ್ ಗತಿ?"